ನಾಲ್ಕನೇ ಪಾಠ

ಹೇಳುತ್ತೇನೆ, ಹತ್ತಿರ ಸರಿದು ಕೂತುಕೊಳ್ಳಿ. ಆದರೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಪವಾಡ ಇಲ್ಲ. ಕುಂಟರು ನಡೆಯಲಿಲ್ಲ, ಯಾರ ಕನಸಿನಲ್ಲೂ ಬೆಳಕು ಕಾಣಿಸಲಿಲ್ಲ. ಎಂಟು ಪಾಠಗಳ ಒಂದು ಪುಸ್ತಕದಲ್ಲಿ ನಾಲ್ಕನೇ ಪಾಠ ಎಷ್ಟು ಮಾಡಿದರೂ ಮುಗಿಯದೆ, ಅದರಿಂದ ಒಂದು ಸಭೆಯ ದೀಕ್ಷಾಸ್ನಾನವೇ ನಿಂತುಹೋದ ಕಥೆ ಇದು.

1990ರ ದಶಕದ ನಡುಭಾಗ. ಹೆಬ್ಬಾಳದ ಮೇಲ್ಸೇತುವೆ ಇನ್ನೂ ಬಂದಿರಲಿಲ್ಲ. ನಾನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದೆ. ಊರು ಗದಗಿನ ಪಕ್ಕದ ಬೆಟಗೇರಿ. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೇ ಶತಮಾನದಲ್ಲೇ ಬಂದು ನೆಲೆಯೂರಿದ ಜಾಗ. ನಮ್ಮದು ಮಿಷನ್ ಕಾಂಪೌಂಡಿನ ಮನೆತನ. ಬೆಂಗಳೂರಿಗೆ ಬಂದ ಮೇಲೆ ಭಾನುವಾರಗಳು ಖಾಲಿ ಅನ್ನಿಸತೊಡಗಿದಾಗ, ಶಿಫ್ಟಿನ ಜೊತೆಗಾರನೊಬ್ಬ ತನ್ನ ಸಭೆಗೆ ಕರೆದುಕೊಂಡು ಹೋದ. ಅದು ಬ್ಯಾಪ್ಟಿಸ್ಟ್ ಸಭೆ, ಕನ್ನಡದ್ದು. ಬಾಡಿಗೆಯ ಹಾಲು, ಮಡಚುವ ಕುರ್ಚಿ, ಒಂದು ಢೋಲಕ್.

ಬೆಂಗಳೂರಿನವರಿಗೆ ಬ್ಯಾಪ್ಟಿಸ್ಟ್ ಅಂದರೆ ಆಸ್ಪತ್ರೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1973ರಲ್ಲಿ ಹೆಬ್ಬಾಳದಲ್ಲಿ ತೆರೆದದ್ದು. ರೂಮಿನ ಹುಡುಗರಿಗೆ 'ಬ್ಯಾಪ್ಟಿಸ್ಟ್‌ಗೆ ಹೋಗಿದ್ದೆ' ಅಂದರೆ 'ಏನಾಯ್ತೋ, ಜ್ವರಾನಾ?' ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ನಮ್ಮ ಸಭೆಗೂ ಆ ಆಸ್ಪತ್ರೆಗೂ ಏನೂ ಸಂಬಂಧವಿರಲಿಲ್ಲ, ಹೆಸರೊಂದನ್ನು ಬಿಟ್ಟು.

ಸ್ವಲ್ಪ ದಿನ ಹೋಗಿ ಬಂದ ಮೇಲೆ ನಾನೂ ಸದಸ್ಯನಾಗುತ್ತೇನೆ ಅಂದೆ. ಪಾಸ್ಟರು ನಕ್ಕರು. ಕೂಸಿದ್ದಾಗ ತಲೆಗೆ ನೀರು ಹಾಕಿಸಿಕೊಂಡದ್ದು ಇಲ್ಲಿ ಲೆಕ್ಕಕ್ಕಿಲ್ಲವಂತೆ. ನಂಬಿಕೆ ಮೊದಲು, ನೀರು ಆಮೇಲೆ. ನಂಬುವುದು ಕೂಸಿನ ಕೈಲಾಗುವ ಕೆಲಸವಲ್ಲ. 1609ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಇಂಗ್ಲೆಂಡಿನಿಂದ ಓಡಿಬಂದಿದ್ದ ಜಾನ್ ಸ್ಮಿತ್ ಮತ್ತು ಅವನ ಜೊತೆಯವರು ಇದೇ ಮಾತಿಗೆ ಗಂಟುಬಿದ್ದು ಬೇರೆಯಾದರು, ಅಲ್ಲಿಂದ ಇಲ್ಲಿಯವರೆಗೂ ಬ್ಯಾಪ್ಟಿಸ್ಟರು ಆ ಗಂಟು ಬಿಟ್ಟಿಲ್ಲ. ಇಡೀ ಮೈ ನೀರಿನಲ್ಲಿ ಮುಳುಗಬೇಕು. ಮುಳುಗುವ ಮೊದಲು ಶಿಷ್ಯತ್ವ ತರಗತಿ ಮುಗಿಸಬೇಕು. ಮುಗಿಸಿದ ಮೇಲೆ ಸದಸ್ಯರ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು, ಕೂಟ ಕೈ ಎತ್ತಿ ಒಪ್ಪಬೇಕು. ಮೇಲೆ ಬಿಷಪ್ಪರಿಲ್ಲ, ಡಯಾಸಿಸ್ ಇಲ್ಲ. ಆ ಹಾಲಿನಲ್ಲಿ ಕೂತ ಜನವೇ ಸುಪ್ರೀಂ ಕೋರ್ಟು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವ್ವನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ತಿಳಿಸಿದೆ. ಪಕ್ಕದ ಮನೆಯ ಫೋನು, ಅವರೆಲ್ಲರೂ ಕೇಳಿಸಿಕೊಳ್ಳುವ ಹಾಗೆ ಕೂಗಿದಳು: 'ಮೂರು ತಿಂಗಳ ಕೂಸಿದ್ದಾಗ ನಿನಗ ಎಲ್ಲಾ ಆಗೈತಿ. ಅಯ್ಯನೋರು ನೀರು ಹಾಕಿದ್ರು, ನೀ ಅತ್ತಿ, ಫೋಟೋನೂ ಐತಿ. ಈಗ ಮತ್ತ ಎದಕ್ಕ? ಆವಾಗಿನ ನೀರು ಆರಿ ಹೋತೇನು?' ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀಟರು ಓಡುತ್ತಿತ್ತು, ಇಟ್ಟುಬಿಟ್ಟೆ.

ತರಗತಿ ಶನಿವಾರ ಸಂಜೆ. ಹಾಲಿನ ಮಾಲೀಕರು ಶನಿವಾರ ಅಲ್ಲಿ ಟ್ಯೂಷನ್ ನಡೆಸುತ್ತಿದ್ದರಿಂದ ತರಗತಿ ಮನೆಗಳಲ್ಲೇ ಆಗಬೇಕಿತ್ತು. ವಾರಕ್ಕೊಬ್ಬರ ಮನೆ, ಸರದಿಯ ಪ್ರಕಾರ. ಪುಸ್ತಕ ಅಂದರೆ ಟೈಪ್ ಮಾಡಿ ಜೆರಾಕ್ಸ್ ತೆಗೆದು ಪಿನ್ನು ಹೊಡೆದ ಹಾಳೆಗಳು. ಯಾವುದೋ ಇಂಗ್ಲಿಷ್ ಪಾಠಮಾಲೆಯ ಅನುವಾದ. ರಕ್ಷಣೆಯ ನಿಶ್ಚಯ, ಪ್ರಾರ್ಥನೆ, ವಾಕ್ಯಧ್ಯಾನ, ಅನ್ಯೋನ್ಯತೆ, ಸಾಕ್ಷಿ, ದಶಮಾಂಶ, ದೀಕ್ಷಾಸ್ನಾನ, ಕರ್ತನ ಭೋಜನ. ಪ್ರತಿ ಪಾಠದಲ್ಲೂ ಬಿಟ್ಟ ಸ್ಥಳಗಳು, ಸತ್ಯವೇದ ತೆಗೆದು ನೋಡಿ ತುಂಬಬೇಕು. ಒಂದು ಕಂಠಪಾಠ ವಚನ. ಕೊನೆಗೆ 'ಮಾಡಿ ನೋಡಿ' ಎಂಬ ತಲೆಬರಹದಡಿ ಒಂದು ಕೆಲಸ, ಅದರ ಕೆಳಗೆ ಪಾಠ ಮುಗಿಯಿತೆಂದು ಕಲಿಸುವವರು ಸಹಿ ಹಾಕಲು ಒಂದು ಗೆರೆ.

ಮೂರನೇ ಪಾಠದಲ್ಲಿ ಒಂದು ಕೈಯ ಚಿತ್ರವಿತ್ತು. ಕಿರುಬೆರಳು ಕೇಳುವುದು, ಉಂಗುರದ ಬೆರಳು ಓದುವುದು, ನಡುಬೆರಳು ಅಧ್ಯಯನ, ತೋರುಬೆರಳು ಕಂಠಪಾಠ, ಹೆಬ್ಬೆರಳು ಧ್ಯಾನ. ನ್ಯಾವಿಗೇಟರ್ಸ್ ಎಂಬ ಅಮೆರಿಕದ ಸಂಸ್ಥೆ ಹರಡಿದ ಚಿತ್ರ ಅದು. 1933ರಲ್ಲಿ ಡಾಸನ್ ಟ್ರಾಟ್‌ಮನ್ ಎಂಬಾತ ನೌಕಾಪಡೆಯ ಹುಡುಗರ ನಡುವೆ ಆ ಕೆಲಸ ಶುರು ಮಾಡಿದ. ಹೆಬ್ಬೆರಳಿಲ್ಲದೆ ಹಿಡಿತವಿಲ್ಲ ಅನ್ನುವುದು ಪಾಠದ ಸಾರ. ಲೇತ್ ಮೇಲೆ ನಿಲ್ಲುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ನಮ್ಮ ಶೆಡ್ಡಿನಲ್ಲಿ ಹೆಬ್ಬೆರಳು ಕಳೆದುಕೊಂಡವರಿದ್ದರು. ಚಿತ್ರ ಚೆನ್ನಾಗಿತ್ತು. ಆದರೆ ಬಿಟ್ಟ ಸ್ಥಳ ತುಂಬಿಸುವ ಆ ಕ್ರಮ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಹಾಗೆ ಶಿಷ್ಯರಾಗುವುದಾದರೆ ಎಸ್‌ಎಸ್‌ಎಲ್‌ಸಿ ಪಾಸಾದವರೆಲ್ಲ ಅಪೊಸ್ತಲರಾಗಬೇಕಿತ್ತು.

ನಾವು ಯಾರ‍್ಯಾರಿದ್ದೆವು ಅಂದರೆ: ನಾನು, ಒಬ್ಬ ಆಟೋ ಅಣ್ಣ, ಸೊಸೆಯ ಜೊತೆ ಜಗಳವಾಡಿಕೊಂಡೇ ತರಗತಿಗೆ ಬರುತ್ತಿದ್ದ ಒಬ್ಬ ಅಜ್ಜಿ, ಪಿಯುಸಿ ಓದುವ ಹುಡುಗ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಒಬ್ಬ ಯಜಮಾನರು, ಅವರ ಹೆಂಡತಿ ಟೀಚರಮ್ಮ. ಇವರಿಬ್ಬರೂ ನನ್ನ ಹಾಗೆ ಬೇರೆ ಸಭೆಯಿಂದ ಬಂದವರು, ಮೂರು ತಲೆಮಾರಿನ ಕ್ರೈಸ್ತರು. ಯಜಮಾನರಿಗೆ ಸತ್ಯವೇದ ಅಂಗೈಯ ಗೆರೆ. ಬಿಟ್ಟ ಸ್ಥಳಗಳನ್ನು ಪುಸ್ತಕ ತೆರೆಯದೆ ತುಂಬುತ್ತಿದ್ದರು. 'ನಮ್ಮ ಮುತ್ತಾತ ಊರ ಗೌಡರಾಗಿದ್ದವರು, ಎಲ್ಲ ಬಿಟ್ಟು ಬಂದರು' ಅನ್ನುವುದು ಅವರ ಸಾಕ್ಷಿಯಲ್ಲಿ ತಪ್ಪದೆ ಬರುವ ವಾಕ್ಯ. ಎಲ್ಲ ಬಿಟ್ಟರು ಅನ್ನುವುದಕ್ಕಿಂತ ಗೌಡರಾಗಿದ್ದರು ಅನ್ನುವುದರ ಮೇಲೆ ಒತ್ತು ಜಾಸ್ತಿ ಬೀಳುತ್ತಿತ್ತು.

ಇನ್ನು ಅಕ್ಕ. ಬೆಳಗಿನ ಜಾವ ಗುತ್ತಿಗೆದಾರನ ಲೆಕ್ಕದಲ್ಲಿ ರಸ್ತೆ ಗುಡಿಸುವ ಕೆಲಸ. ನಲವತ್ತು ದಾಟಿರಬಹುದು. ತೆಲುಗಿನವರು, ಅವರ ಹಿರಿಯರು ಒಂಗೋಲಿನ ಕಡೆಯವರು. ಕನ್ನಡ ಮಾತು ಸಲೀಸು, ಓದುವುದು ಮಾತ್ರ ತೆಲುಗು. ಮೈ ಸವೆದ ಒಂದು ತೆಲುಗು ಬೈಬಲ್ ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಪಿಯುಸಿ ಹುಡುಗ ಪ್ರಶ್ನೆ ಓದುತ್ತಿದ್ದ, ಅವರು ಹೇಳಿದ ಉತ್ತರವನ್ನು ಅವನೇ ಬರೆಯುತ್ತಿದ್ದ. ಚಿಕ್ಕಂದಿನಲ್ಲೇ ಮದುವೆಯಾಗಿ ಊರು ಬಿಟ್ಟದ್ದರಿಂದ ದೀಕ್ಷಾಸ್ನಾನ ಆಗಿರಲಿಲ್ಲವಂತೆ. 'ಗಂಡ ಇರೋತನಕ ಬಿಡಲಿಲ್ಲ, ಗಂಡ ಹೋದಮೇಲೆ ಪುರುಸೊತ್ತಾಗಲಿಲ್ಲ' ಅಂದಿದ್ದರು. ಮೊದಲ ಪಾಠದ ದಿನ ಅವರು ಹೇಳಿದ ಸಾಕ್ಷಿ ಅಷ್ಟೇ. ಪಾಸ್ಟರು 'ಆಮೆನ್' ಅಂದುಬಿಟ್ಟರು.

ಪಾಸ್ಟರು ಮೊದಲು ಮೇಷ್ಟ್ರಾಗಿದ್ದವರು. ಟಿವಿಎಸ್ ಫಿಫ್ಟಿ, ತೋಳಿಲ್ಲದ ಸ್ವೆಟರು, ದನಿ ಏರಿಸದ ಮಾತು. ಬೇರೆಯವರ ಹಾಗೆ ವೇದಿಕೆಯ ಮೇಲೆ ಕುಣಿಯುತ್ತಿರಲಿಲ್ಲ, ಅದಕ್ಕೇ ಸಭೆ ಬೆಳೆಯಲಿಲ್ಲ ಎಂದು ಕೆಲವರ ದೂರು.

ಅನ್ಯೋನ್ಯತೆಯ ಪಾಠದ 'ಮಾಡಿ ನೋಡಿ'ಯಲ್ಲಿ ಬರೆದಿದ್ದದ್ದು ಇಷ್ಟು: ಈ ವಾರ ಯಾರ ಮನೆಯಲ್ಲಿ ಸೇರಿದ್ದೀರೋ ಅವರ ಮನೆಯಲ್ಲಿ ಎಲ್ಲರೂ ಕೂಡಿ ಊಟ ಮಾಡಿರಿ. ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ ಮೊದಲ ಸಭೆಯವರು ಮನೆಮನೆಗಳಲ್ಲಿ ಕೂಡಿ ಉಂಡರೆಂದು ಬರುತ್ತದಲ್ಲ, ಅದರ ಅಭ್ಯಾಸ. ಸರದಿಯ ಚೀಟಿಯಲ್ಲಿ ಆ ವಾರ ಅಕ್ಕನ ಮನೆ.

ಎರಡು ಕೋಣೆಯ ಮನೆ, ಮೇಲೆ ಶೀಟು. ಅಕ್ಕ ಪಕ್ಕದವರಿಂದ ಪಾತ್ರೆ ತಂದಿದ್ದರು, ಚಾಪೆ ತಂದಿದ್ದರು. ಕೋಳಿ ಸಾರು, ಮುದ್ದೆ, ಅನ್ನ. ಮಾಂಸ ತಿನ್ನದವರು ಇದ್ದರೆ ಅಂತ ಬೇಳೆ ಸಾರು ಬೇರೆ. ಗೋಂಗೂರ ಪಚ್ಚಡಿ, ನಮ್ಮ ಕಡೆ ಅದೇ ಪುಂಡಿ ಸೊಪ್ಪು, ವಾಸನೆಗೇ ನನಗೆ ಊರು ನೆನಪಾಯಿತು. ಆರು ಗಂಟೆಗೆ ಪಾಸ್ಟರು ಬಂದರು, ಆಟೋ ಅಣ್ಣ ಬಂದ, ಅಜ್ಜಿ ಬಂದಳು, ನಾನಿದ್ದೆ. ಆರೂವರೆ ಆಯಿತು. ಏಳಾಯಿತು. ಹುಡುಗನಿಗೆ ಪರೀಕ್ಷೆಯಂತೆ. ಬ್ಯಾಂಕಿನವರ ಮನೆಗೆ ನೆಂಟರು ಬಂದರಂತೆ. ಹಾಗೆಂದು ಮೂಲೆಯ ಅಂಗಡಿಗೆ ಫೋನು ಬಂತು.

ಪಾಸ್ಟರು ಪಾಠ ಶುರು ಮಾಡಿದರು. ಆವತ್ತು ಅವರು ಹೇಳಿದ್ದು ಬಂಗಾಳದ ಕಥೆ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಬಂದು ಇಳಿದು, ಏಳು ವರ್ಷ ಕೂಗಿದರೂ ಒಬ್ಬನೇ ಒಬ್ಬ ಬಂಗಾಳಿ ಓಗೊಡಲಿಲ್ಲ. ಆಮೇಲೆ ಸೆರಾಂಪುರದ ಬಡಗಿ ಕೃಷ್ಣಪಾಲ ಬಿದ್ದು ತೋಳು ಕೀಲು ತಪ್ಪಿಸಿಕೊಂಡ; ಮಿಷನ್ನಿನ ವೈದ್ಯ ಜಾನ್ ಥಾಮಸ್ ಅದನ್ನು ಕೂಡಿಸಿದ. ಅಲ್ಲಿಂದ ಬಡಗಿಗೂ ಅವರಿಗೂ ಮಾತು ಬೆಳೆಯಿತು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಅವನಿಗೆ ದೀಕ್ಷಾಸ್ನಾನ, ಜೊತೆಯಲ್ಲಿ ಕೇರಿಯ ಮಗ ಫೀಲಿಕ್ಸನಿಗೂ. 'ಆದರೆ ಊರಿನಲ್ಲಿ ಗಲಾಟೆ ಎದ್ದದ್ದು ನೀರಿಗೆ ಅಲ್ಲ' ಅಂದರು ಪಾಸ್ಟರು. 'ಅದಕ್ಕಿಂತ ಆರು ದಿನ ಮೊದಲು ಅವನು ಬಿಳಿಯರ ಪಂಕ್ತಿಯಲ್ಲಿ ಕೂತು ಉಂಡ. ಜಾತಿ ಹೋದದ್ದು ಆಗ. ಜನ ಸಾವಿರಗಟ್ಟಲೆ ಸೇರಿ ಅವನನ್ನು ಎಳೆದುಕೊಂಡು ಹೋದದ್ದು ಆಗ. ನೀರಿನ ದಿನದ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.' 1803ರಲ್ಲಿ ಅದೇ ಬಡಗಿಯ ಮಗಳನ್ನು ಕ್ರೈಸ್ತನಾದ ಒಬ್ಬ ಬ್ರಾಹ್ಮಣ ಮದುವೆಯಾದ. ಮದುವೆಯ ಊಟ ಬಡಗಿಯ ಮನೆಯಲ್ಲಿ.

ಕಥೆ ಮುಗಿಸಿ ಪಾಸ್ಟರು ಊಟಕ್ಕೆ ಕೂತರು. ಎರಡು ಮುದ್ದೆ ಉಂಡರು. ಅಜ್ಜಿ ಸೊಸೆಯ ಮೇಲಿನ ಸಿಟ್ಟನ್ನೆಲ್ಲ ಕೋಳಿಯ ಮೇಲೆ ತೀರಿಸಿಕೊಂಡಳು. ಆದರೂ ಪಾತ್ರೆ ಅರ್ಧಕ್ಕಿಂತ ಕೆಳಗಿಳಿಯಲಿಲ್ಲ. ಅಕ್ಕ ಏನೂ ಅನ್ನದೆ ಗಲ್ಲಿಯ ಮಕ್ಕಳನ್ನು ಕರೆದು ಬಡಿಸಿದರು. ಹೊರಡುವಾಗ ನಾವು ಸಹಿಗೆ ಪುಸ್ತಕ ಚಾಚಿದೆವು. ಪಾಸ್ಟರು ಪೆನ್ನು ಜೇಬಿನಿಂದ ತೆಗೆಯಲೇ ಇಲ್ಲ. 'ಎಲ್ಲರೂ ಅಂತ ಬರೆದಿದೆಯಲ್ಲಪ್ಪ' ಅಂದರು.

ಮುಂದಿನ ಶನಿವಾರ ಬ್ಯಾಂಕಿನವರ ಮನೆಯಲ್ಲಿ ಐದನೇ ಪಾಠ ಆಗಬೇಕಿತ್ತು. ಪಾಸ್ಟರು ಗುರುವಾರವೇ ಟಿವಿಎಸ್‌ನಲ್ಲಿ ಮನೆಮನೆ ತಿರುಗಿ ತಿಳಿಸಿದರು: ನಾಲ್ಕನೇ ಪಾಠವೇ ಮತ್ತೆ, ಅಕ್ಕನ ಮನೆಯಲ್ಲೇ. ಹುಡುಗ ಬಂದ, ಪರೀಕ್ಷೆ ನಿಜವಾಗಿಯೂ ಇತ್ತಂತೆ, ಮೂರು ಸಲ ಬಡಿಸಿಕೊಂಡು ಉಂಡ. ಬ್ಯಾಂಕಿನವರೂ ಬಂದರು, ಗಂಡ ಹೆಂಡತಿ ಇಬ್ಬರೂ. ಪಾಸ್ಟರು ಈ ಸಲ ಗಲಾತ್ಯದವರಿಗೆ ಬರೆದ ಪತ್ರಿಕೆ ತೆರೆಸಿದರು, ಎರಡನೇ ಅಧ್ಯಾಯ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ತನ್ನವರು ಬಂದದ್ದೇ ತಡ, ಮೆಲ್ಲಗೆ ಪಂಕ್ತಿಯಿಂದ ಜಾರಿಕೊಂಡ. ಪೌಲ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಪೇತ್ರನಂಥ ಪೇತ್ರ! ಯಜಮಾನರು ಆ ಭಾಗವನ್ನು ಬಹಳ ಚೆನ್ನಾಗಿ ವಿವರಿಸಿದರು, ಸುನ್ನತಿಯ ಪ್ರಶ್ನೆ, ಧರ್ಮಶಾಸ್ತ್ರದ ಪ್ರಶ್ನೆ ಎಲ್ಲವನ್ನೂ ಬಿಡಿಸಿ ಹೇಳಿದರು. ಪಾಠ ಮುಗಿದು ಎಲೆ ಹಾಕುವ ಹೊತ್ತಿಗೆ ಎದ್ದು ನಿಂತರು. 'ಅಲ್ಸರ್ ಇದೆ ಪಾಸ್ಟರ್, ಡಾಕ್ಟರು ಮನೆ ಊಟಾನೇ ಅಂದಿದ್ದಾರೆ.' ಟೀಚರಮ್ಮನ ಮುಖ ನೆಲ ನೋಡುತ್ತಿತ್ತು. ಗಂಡನ ಹಿಂದೆ ಅವರೂ ಚಪ್ಪಲಿ ಮೆಟ್ಟಿಕೊಂಡರು.

'ಸರಿ ಸಾರ್, ಇನ್ನೊಂದು ವಾರ ನೋಡೋಣ' ಅಂದರು ಪಾಸ್ಟರು, ಅದೇ ದನಿಯಲ್ಲಿ. ಆಮೇಲೆ ನಮ್ಮ ಕಡೆ ತಿರುಗಿ ಮತ್ತೆ ಕೇರಿಯನ್ನೇ ಎತ್ತಿದರು. ಬೆಂಕಿಯ ಮುಂದೆ ಕೂತಿರುವುದರಿಂದ ನಿಮಗೂ ಇದನ್ನು ಹೇಳಬೇಕು: 1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕಾಗದ, ಅಚ್ಚುಮೊಳೆ, ಕೇರಿಯ ಹಸ್ತಪ್ರತಿಗಳು ಸುಟ್ಟುಹೋದವು, ಅದರಲ್ಲಿ ಕನ್ನಡದ ಅನುವಾದವೂ ಇತ್ತು. ಆತ ಮತ್ತೆ ಮೊದಲಿಂದ ಬರೆಯಲು ಕೂತ. 1817ರಲ್ಲಿ ಕನ್ನಡ ವ್ಯಾಕರಣವನ್ನೂ ಅಲ್ಲಿಂದಲೇ ಅಚ್ಚು ಹಾಕಿಸಿದ. ಆತ ಸುಟ್ಟದ್ದನ್ನು ಮತ್ತೆ ಬರೆದನಂತೆ, ನಾವು ಒಂದು ಪಾಠ ಮತ್ತೆ ಮಾಡಿದರೆ ಕೈ ಸವೆಯುವುದಿಲ್ಲ ಎಂದು ಪಾಸ್ಟರ ವಾದ. ನಮಗೆಲ್ಲ ಬಹಳ ಹಿಡಿಸಿತು. ಎಂಥ ಮನುಷ್ಯ ಅಂದುಕೊಂಡೆವು.

ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು.

'ಸಾರ್, ನನ್ನ ಮನೇನ ಪರೀಕ್ಷೆ ಹಾಲ್ ಮಾಡಬೇಡಿ.'

ಪಾಸ್ಟರು ಬಾಯಿ ತೆರೆದರು. ಅಕ್ಕ ಬಿಡಲಿಲ್ಲ.

'ಅವರು ಉಣ್ತಾರಾ ಇಲ್ವಾ ಅಂತ ನೋಡೋಕೆ ನಾನು ವಾರ ವಾರ ಕೋಳಿ ಕೊಯ್ಬೇಕಾ? ಕೋಳಿ ದುಡ್ಡು ಹೋಗ್ಲಿ. ಅವರು ಎದ್ದು ಹೋಗೋದನ್ನ ನಾನು ವಾರ ವಾರ ನೋಡ್ಬೇಕಲ್ಲ ಸಾರ್? ಪಾಠ ಅವರಿಗೆ. ಅವಮಾನ ನನಗೆ.' ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. 'ಮೊದಲ್ನೇ ಪಾಠ ಅವರ ಮನೇಲೇ ಆಯ್ತಲ್ಲ. ನಿಮಗೆಲ್ಲ ಹೂವಿನ ಕಪ್ಪಲ್ಲಿ ಟೀ ಕೊಟ್ರು. ನನಗೆ ಸ್ಟೀಲ್ ಲೋಟ. ಯಾರಾದ್ರೂ ನೋಡಿದ್ರಾ?'

ಯಾರೂ ನೋಡಿರಲಿಲ್ಲ. ಪಾಸ್ಟರೂ ನೋಡಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಆ ತರಗತಿಯಲ್ಲಿ ನಡೆದ ಅಸಲಿ ಪಾಠ ಇದೊಂದೇ, ಅದನ್ನು ಕಲಿಯಬೇಕಾಗಿ ಬಂದದ್ದು ಕಲಿಸುವವರು. ಒಳ್ಳೆಯ ಮನಸ್ಸಿನ ಮೇಷ್ಟ್ರುಗಳಿಗೆ ಈ ರೋಗ ಇರುತ್ತದೆ: ಯಾರಿಗೆ ನೋವಾಗಿದೆಯೋ ಅವರನ್ನೇ ಕಪ್ಪು ಹಲಗೆ ಮಾಡಿಕೊಂಡು ಉಳಿದವರಿಗೆ ಬುದ್ಧಿ ಹೇಳುವುದು. ಪಾಸ್ಟರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, 'ಏನು ಮಾಡೋಣ, ನೀವೇ ಹೇಳಿ ಅಕ್ಕ' ಅಂದರು. ಅಲ್ಲಿಯವರೆಗೆ ಅವರು ಅಕ್ಕನನ್ನು 'ನೀನು' ಅನ್ನುತ್ತಿದ್ದರು. ನಮ್ಮ ಟೀಚರಮ್ಮನಿಗೆ 'ನೀವು', ಅಕ್ಕನಿಗೆ 'ನೀನು'.

'ಮುಂದಿನ ಪಾಠ ಓದಿ. ಊಟಕ್ಕೆ ಯಾವಾಗ ಕರೀಬೇಕು, ಯಾರನ್ನ ಕರೀಬೇಕು, ನಾನು ಹೇಳ್ತೀನಿ.'

ಹಾಗೇ ಆಯಿತು. ಸಾಕ್ಷಿ, ದಶಮಾಂಶ, ಉಳಿದ ಪಾಠಗಳು ಸರಸರ ಮುಗಿದವು. ಅವುಗಳಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ದಶಮಾಂಶದ ದಿನ ಆಟೋ ಅಣ್ಣ 'ಹತ್ತನೇ ಒಂದು ಅಂದ್ರೆ ಮೀಟರ್ ದುಡ್ಡಲ್ಲಾ, ಪೆಟ್ರೋಲ್ ಕಳೆದಾ?' ಎಂದು ಕೇಳಿದ್ದಕ್ಕೆ ಮಾತ್ರ ಪಾಸ್ಟರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎಲ್ಲ ಪಾಠಗಳಿಗೂ ಸಹಿ ಬಿತ್ತು. ನಾಲ್ಕನೆಯದರ ಗೆರೆ ಮಾತ್ರ ಎಲ್ಲರ ಪುಸ್ತಕದಲ್ಲೂ ಖಾಲಿ. ಉಂಡವರ ಪುಸ್ತಕದಲ್ಲೂ ಖಾಲಿ.

ಈಸ್ಟರ್ ಹೊತ್ತಿಗೆ ದೀಕ್ಷಾಸ್ನಾನ ಎಂದು ನಿಶ್ಚಯವಾಗಿತ್ತು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಬ್ಬ ವಿಶ್ವಾಸಿಯ ತೋಟ, ಅಲ್ಲಿ ದ್ರಾಕ್ಷಿಗೆ ನೀರು ಬಿಡುವ ಸಿಮೆಂಟ್ ತೊಟ್ಟಿ. ಸದಸ್ಯರ ಕೂಟದಲ್ಲಿ ಹಿರಿಯರು ಪಟ್ಟಿ ಕೇಳಿದರು. ಪಟ್ಟಿ ಇಲ್ಲ, ತರಗತಿ ಮುಗಿದಿಲ್ಲ ಅಂದರು ಪಾಸ್ಟರು. ಯಾಕೆ ಅಂದರೆ ನಾಲ್ಕನೇ ಪಾಠ ಬಾಕಿ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಸಣ್ಣ ಸಭೆ. ಕೂತಿದ್ದ ಅಷ್ಟೂ ಜನಕ್ಕೆ ಎಲ್ಲ ಗೊತ್ತಿತ್ತು.

ಬ್ಯಾಂಕಿನ ಯಜಮಾನರು ಎದ್ದು ನಿಂತರು. ಅವರ ಮಾತು ಖಂಡಿತ ದುರ್ಬಲವಾಗಿರಲಿಲ್ಲ, ಅದನ್ನು ಒಪ್ಪಬೇಕು. ಪೆಂತೆಕೊಸ್ತಿನ ದಿನ ಮೂರು ಸಾವಿರ ಜನರಿಗೆ ಸ್ನಾನವಾಯಿತು, ಅವರಿಗೆ ಯಾವ ಎಂಟು ಪಾಠ? ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಒಂಗೋಲಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನಕ್ಕೆ ದೀಕ್ಷಾಸ್ನಾನ ಕೊಡಿಸಿದ. ಆರು ಜನ ಬೋಧಕರು, ಇಬ್ಬಿಬ್ಬರಾಗಿ ನೀರಿಗಿಳಿದು, ಬೆಳಗಿನಿಂದ ಸಂಜೆವರೆಗೆ. 'ಅವತ್ತು ನದೀ ದಡದಲ್ಲಿ ಯಾರು ಪಾಸ್ಟರ್ ಹಾಜರಿ ಹಾಕಿದ್ದು? ಯಾರ ಪುಸ್ತಕಕ್ಕೆ ಯಾರು ಸಹಿ ಹಾಕಿದ್ದು?'

ಕೂಟದಲ್ಲಿ ತಲೆಗಳು ಆಡಿದವು. ಪಾಸ್ಟರು ಉತ್ತರಿಸಲು ಎದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಕ್ಕನ ದನಿ.

'ನಾನು ಹೇಳ್ತೀನಿ ಸಾರ್. ಅದು ನಮ್ಮೋರ ಕಥೆ.'

ಅಕ್ಕ ಹೇಳಿದ್ದು ಅವರ ಅವ್ವನಿಗೆ ಅವರ ಅಜ್ಜಿ ಹೇಳಿದ್ದು. ಆ ಸ್ನಾನಕ್ಕೆ ಮೊದಲು ಬರ. 1876ರಿಂದ 78ರವರೆಗಿನ ಮಹಾ ಬರ. ನಮ್ಮ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳನ್ನೂ ತಿಂದುಹಾಕಿದ್ದು ಅದೇ. ಒಂಗೋಲಿನ ಸುತ್ತಿನ ಮಾದಿಗರಿಗೆ ಚರ್ಮದ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಕ್ಲಫ್ ದೊರೆ ಬಕಿಂಗ್‌ಹ್ಯಾಮ್ ಕಾಲುವೆ ತೋಡುವ ಕೆಲಸದಲ್ಲಿ ಮೂರೂವರೆ ಮೈಲಿಯ ಗುತ್ತಿಗೆ ಹಿಡಿದು ಅವರಿಗೆ ಕೂಲಿ ಕೊಟ್ಟ. ಅಗೆಯುವವರು ದಣಿದು ಕೂತಾಗ ಬೋಧಕರು ಪಕ್ಕದಲ್ಲಿ ಕೂತು ಯೇಸುಸ್ವಾಮಿಯ ಮಾತಾಡುತ್ತಿದ್ದರು. ಜನ ಗುಂಪುಗುಂಪಾಗಿ ಸ್ನಾನ ಕೊಡಿ ಎಂದು ಬಂದರೆ ದೊರೆ ಒಲ್ಲೆ ಎಂದ. ಕೂಲಿ ಕೊಡುವ ಕೈಯಿಂದ ಸ್ನಾನ ಕೊಡುವುದಿಲ್ಲ. ಗಂಜಿಗೆ ಬಂದವರು ಯಾರು, ದೇವರಿಗೆ ಬಂದವರು ಯಾರು ಎಂದು ಹೇಗೆ ತಿಳಿಯುವುದು? ಒಂದು ವರ್ಷಕ್ಕೂ ಮೇಲೆ ಹಾಗೇ ನಿಲ್ಲಿಸಿದ. ಹಣ ಹಂಚುವುದು ಮುಗಿದ ಮೇಲೆಯೇ ನದಿಗೆ ಇಳಿಸಿದ್ದು.

'ಹಾಜರಿ ಯಾರು ಹಾಕಿದ್ರು ಅಂದ್ರಲ್ಲ ಸಾರ್, ಬರ ಹಾಕ್ತು ಹಾಜರಿ' ಅಂದರು ಅಕ್ಕ. 'ಅವತ್ತು ಉಣ್ಣೋಕೆ ಬಂದೋರು ಅಂತ ನಮ್ಮೋರನ್ನ ನಿಲ್ಲಿಸಿದ್ರು. ನಮ್ಮೋರು ಬೇಜಾರ್ ಮಾಡ್ಕೊಳ್ದೆ ಕಾದ್ರು. ಇವತ್ತು ಉಣ್ಣೋಕೆ ಬರದೆ ಇರೋದಕ್ಕೆ ನಿಂತಿದೆ. ಕಾಯೋಕೇನು ಕಷ್ಟ?'

ಹಿಂದೆ ಯಾರೋ ನಕ್ಕರು. ಆಮೇಲೆ ಇಡೀ ಹಾಲು ನಕ್ಕಿತು. ಯಜಮಾನರು ಮಾತ್ರ ನಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿರಲಿಲ್ಲವೇನೋ. ಕೂಟ ಕೈ ಎತ್ತಿತು: ದೀಕ್ಷಾಸ್ನಾನ ಮುಂದಕ್ಕೆ. ಮೇಲೆ ಬಿಷಪ್ಪರಿಲ್ಲ ಅಂದೆನಲ್ಲ. ಯಾರಿಗೆ ಅಂತ ದೂರು ಕೊಡುವುದು? ಯಜಮಾನರು ಅದರ ಮುಂದಿನ ಭಾನುವಾರದಿಂದ ಬರಲಿಲ್ಲ. ನಗರದ ಇನ್ನೊಂದು ತುದಿಯಲ್ಲಿ ತರಗತಿಯ ಗೋಜಿಲ್ಲದ ಒಂದು ಸಭೆಯಲ್ಲಿ ಅವರಿಗೆ ಸ್ನಾನವಾಯಿತೆಂದು ಆಮೇಲೆ ಕೇಳಿದೆವು. ಅಲ್ಲಿ ಅವರು ಈಗ ಹಿರಿಯರು.

ಟೀಚರಮ್ಮನದು ಬೇರೆ. ಒಂದು ಸಂಜೆ, ಶನಿವಾರವೂ ಅಲ್ಲ ಭಾನುವಾರವೂ ಅಲ್ಲ, ಶಾಲೆ ಬಿಟ್ಟವರು ನೇರವಾಗಿ ಅಕ್ಕನ ಮನೆಗೆ ಹೋದರಂತೆ. ಅಕ್ಕ ಇದನ್ನು ಹೇಳುವಾಗ ದೊಡ್ಡದು ಮಾಡಲಿಲ್ಲ. 'ಬಂದ್ರು. ಕೈಯಲ್ಲಿ ಪೇಪರ್ ಸುತ್ತಿದ್ದ ಒಂದು ಪೆಟ್ಟಿಗೆ. ಹೂವಿನ ಕಪ್ಪು, ಆರು ಇತ್ತು. ನನಗ್ಯಾಕಮ್ಮ ಇದು, ಎಲ್ಲಿಡ್ಲಿ ಅಂದೆ. ಅಳೋಕೆ ಶುರು ಮಾಡಿದ್ರು. ಅಳೋರ ಮುಂದೆ ಏನು ಮಾತಾಡೋದು, ರಾತ್ರಿದು ಅನ್ನ ಮಾಡ್ತಿದ್ದೆ, ತಟ್ಟೆ ಇಟ್ಟೆ.' ಕಪ್ಪುಗಳನ್ನು ತೆಗೆದುಕೊಂಡರೋ ವಾಪಸು ಕಳಿಸಿದರೋ ನಾನು ಕೇಳಿದೆ. 'ನಾಲ್ಕು ಇಟ್ಕೊಂಡೆ' ಅಂದರು.

ಅದಾದ ಮೇಲೆ ಅಕ್ಕ ತಾವಾಗಿಯೇ ಎಲ್ಲರನ್ನೂ ಕರೆದರು. ಈ ಸಲ ಕೋಳಿ ಇಲ್ಲ; ಅಕ್ಕಿ ಒಬ್ಬರು, ಬೇಳೆ ಒಬ್ಬರು, ಎಲ್ಲರೂ ತರಬೇಕು, ಗಂಡಸರು ಪಾತ್ರೆ ತೊಳೆಯಬೇಕು. ಪಾಸ್ಟರು ಪಾತ್ರೆ ಉಜ್ಜುವುದರಲ್ಲಿ ಆಟೋ ಅಣ್ಣನಿಗಿಂತ ಕೈ ಚುರುಕು. ಊಟವಾದ ಮೇಲೆ ಅವರು ಜೇಬಿನಿಂದ ಪೆನ್ನು ತೆಗೆದು ಅಕ್ಕನ ಕೈಗೆ ಕೊಟ್ಟರು. 'ನಾನು ಹಾಕೋ ಸಹಿ ಅಲ್ಲ ಇದು' ಅಂದರು. ಅಕ್ಕ ಒಂದೊಂದೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತೆಲುಗಿನಲ್ಲಿ ಹೆಸರು ಬರೆದರು, ನಿಧಾನವಾಗಿ, ಗೆರೆ ದಾಟಿ. ಪಾಸ್ಟರ ಪುಸ್ತಕ ಬಂದಾಗ ಮಾತ್ರ, 'ನಿಮ್ದು ನೋಡೋಣ, ಇನ್ನೊಂದು ವಾರ' ಅಂದರು. ಅವರೂ ನಕ್ಕರು, ನಾವೂ ನಕ್ಕೆವು. ಆದರೆ ಸಹಿ ಹಾಕಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

ದೀಕ್ಷಾಸ್ನಾನ ಮಳೆಗಾಲದ ಆರಂಭದಲ್ಲಿ ಆಯಿತು. ತೊಟ್ಟಿಯ ನೀರು ಕೊರೆಯುತ್ತಿತ್ತು. ಬಿಳಿ ಬಟ್ಟೆ, ಎದೆಮಟ್ಟದ ನೀರು, ಪಾಸ್ಟರ ಒಂದು ಕೈ ಬೆನ್ನಿಗೆ, ಒಂದು ಕೈ ಎದೆಗೆ. ಹಿಂದಕ್ಕೆ ಬಾಗಿಸಿ ಮುಳುಗಿಸಿ ಎತ್ತುವುದು. ಕ್ಷಣದ ಕೆಲಸ. ಅಜ್ಜಿ ಮೇಲೆ ಬಂದವಳೇ ಮೊದಲು ಕೇಳಿದ್ದು ಸೊಸೆ ಬಂದಿದ್ದಾಳಾ ಅಂತ. ಬಂದಿದ್ದಳು, ಟವೆಲ್ಲು ಹಿಡಿದು ನಿಂತಿದ್ದಳು.

ಅವ್ವ ರಾತ್ರಿ ರೈಲಿನಲ್ಲಿ ಬೆಟಗೇರಿಯಿಂದ ಬಂದಿದ್ದಳು. ನಾನು ಮುಳುಗುವಾಗ ಕೊಡೆ ಹಿಡಿದುಕೊಂಡು ತೋಟದ ಬೇಲಿಯ ಹತ್ತಿರ ನಿಂತು ಮುಖ ಆ ಕಡೆ ಮಾಡಿದ್ದಳಂತೆ, ಪಿಯುಸಿ ಹುಡುಗ ಹೇಳಿದ. ಊಟದ ಹೊತ್ತಿಗೆ ಮಾತ್ರ ಮೊದಲ ಪಂಕ್ತಿಯಲ್ಲಿ ಕೂತಳು. ಅವಳ ಎಡಕ್ಕೆ ಅಕ್ಕ. ಅಕ್ಕ ಡಬ್ಬಿಯಲ್ಲಿ ತಂದಿದ್ದ ಗೋಂಗೂರ ತೆಗೆದು ಅವ್ವನ ಎಲೆಗೆ ಹಾಕಿದರು. ಅವ್ವ ಬೆರಳಲ್ಲಿ ನೆಕ್ಕಿ ನೋಡಿ, 'ಇದು ನಮ್ಮ ಪುಂಡಿಪಲ್ಯ ಅಲ್ಲೇನ್ರೀ! ಯಾರು ಮಾಡಿದ್ದು?' ಎಂದು ಇನ್ನಷ್ಟು ಹಾಕಿಸಿಕೊಂಡಳು. ಎರಡು ತುತ್ತು ಆದ ಮೇಲೆ ನಮ್ಮ ಕಡೆಯ ಹಿರಿಯ ಹೆಂಗಸರು ಹೊಸಬರನ್ನು ಕೇಳದೆ ಬಿಡದ ಆ ಪ್ರಶ್ನೆ ಕೇಳಿಯೇಬಿಟ್ಟಳು: 'ನೀವು ಯಾರ ಪೈಕಿ?'

ಎದುರಿನ ಪಂಕ್ತಿಯಲ್ಲಿ ಬಡಿಸುತ್ತಿದ್ದ ಟೀಚರಮ್ಮನ ಸೌಟು ನಿಂತಿತು. ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

'ಕಾಲುವೆ ತೋಡಿದವರ ಪೈಕಿ ಅಮ್ಮ' ಅಂದರು ಅಕ್ಕ.

'ಯಾವ ಕಾಲುವಿ?' ಅಂದಳು ಅವ್ವ, ಇನ್ನೊಂದು ತುತ್ತು ಕಲೆಸುತ್ತಾ. ಅಕ್ಕ ಎಲೆಯ ಅಂಚಿನಲ್ಲಿ ಅನ್ನವನ್ನು ಬೆರಳಿಂದ ಉದ್ದಕ್ಕೆ ಸರಿಸಿ ಒಂದು ದಾರಿ ಮಾಡಿ, ಇದು ಸಮುದ್ರ, ಇದು ಒಂಗೋಲು ಎಂದು ಶುರು ಮಾಡಿದರು. ಎರಡನೇ ಪಂಕ್ತಿಯವರು ಹಿಂದೆ ನಿಂತು ಕೆಮ್ಮಿದರೂ ಇಬ್ಬರೂ ಏಳಲಿಲ್ಲ.